ಶ್ವಾಸಕೋಶದ ಆಪರೇಷನ್ ಆದ್ಮೇಲೆ ಎಷ್ಟು ಉಸಿರು ಉಳಿಯುತ್ತೆ? ಸ್ಕ್ಯಾನ್ ನೋಡಿ ಲೆಕ್ಕ ಹಾಕೋ ವಿಧಾನ

ಶ್ವಾಸಕೋಶದ ಒಂದು ಭಾಗ ತೆಗೀಬೇಕು ಅಂತ ಡಾಕ್ಟ್ರು ಹೇಳಿದ ಕೂಡ್ಲೇ ಮನೆಯವರೆಲ್ಲ ಕೇಳೋದು ಒಂದೇ, "ತೆಗೆದ ಮೇಲೆ ಉಸಿರಾಡಕ್ಕೆ ಆಗುತ್ತಾ ಸಾರ್?" ಕೆಲವು ಕಡೆ ಇದಕ್ಕೆ "ಏನೂ ಆಗಲ್ಲ, ಧೈರ್ಯವಾಗಿರಿ" ಅನ್ನೋ ಉತ್ತರ ಸಿಗುತ್ತೆ, ಇನ್ನು ಕೆಲವು ಕಡೆ "ಇವರ ಲಂಗ್ಸ್ ತಡೆಯಲ್ಲ, ಆಪರೇಷನ್ ಬೇಡ" ಅಂತ ಒಂದೇ ಮಾತಲ್ಲಿ ವಾಪಸ್ ಕಳಿಸ್ತಾರೆ. ಆದ್ರೆ ಈ ಪ್ರಶ್ನೆಗೆ ಲೆಕ್ಕ ಇದೆ. ಪೇಪರು ಪೆನ್ನು ಹಿಡಿದು ಹಾಕಬಹುದಾದ ಲೆಕ್ಕ, ಎಸ್ಎಸ್ಎಲ್‌ಸಿ ಗಣಿತ ಸಾಕು. ನಾನು ಶಿವಮೊಗ್ಗದಲ್ಲಿ ಸಿಟಿ ಸ್ಕ್ಯಾನ್ ಟೆಕ್ನಿಷಿಯನ್ ಕೆಲಸ ಮಾಡೋನು, ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪ ಕಡೆಯಿಂದ ಫೈಲ್ ಹಿಡ್ಕೊಂಡು ಬರೋರಿಗೂ, ಹೊಸದಾಗಿ ಕೆಲಸಕ್ಕೆ ಸೇರೋ ಹುಡುಗ್ರಿಗೂ ಇದನ್ನೇ ಹೇಳ್ತಿರ್ತೀನಿ, ಹಂಗಾಗಿ ಒಂದು ಸಲ ಪೂರ್ತಿ ಬರೆದುಬಿಡೋಣ ಅಂತ. ಆಪರೇಷನ್ ಮಾಡಬೇಕಾ ಬೇಡ್ವಾ ಅನ್ನೋ ತೀರ್ಮಾನ ಸರ್ಜನ್ನು, ಎದೆರೋಗದ ಡಾಕ್ಟ್ರು, ಅರಿವಳಿಕೆ ಡಾಕ್ಟ್ರು ಕೂತು ಮಾಡೋದು, ಅದು ನಮ್ಮ ಕೈಲಿಲ್ಲ. ಆದ್ರೆ ಆ ಲೆಕ್ಕ ಹಾಕಿದ್ದಾರಾ, ಸರಿಯಾದ ಸ್ಕ್ಯಾನ್ ಇಟ್ಕೊಂಡು ಹಾಕಿದ್ದಾರಾ ಅಂತ ಕೇಳೋ ಹಕ್ಕು ನಿಮಗಿದೆ.

ಇಡೀ ಲೆಕ್ಕದ ತಿರುಳು ಇಷ್ಟೇ: ತೆಗೆಯೋ ಭಾಗ ಎಷ್ಟು ದೊಡ್ಡದು ಅನ್ನೋದು ಮುಖ್ಯ ಅಲ್ಲ, ಆ ಭಾಗ ಈಗ ಎಷ್ಟು ಕೆಲಸ ಮಾಡ್ತಿದೆ ಅನ್ನೋದು ಮುಖ್ಯ. ಒಂದು ಎಕರೆ ಅಡಿಕೆ ತೋಟ ಕೊಟ್ಟುಬಿಟ್ರೆ ಎಷ್ಟು ಫಸಲು ಕಮ್ಮಿ ಆಗುತ್ತೆ ಅನ್ನೋದನ್ನ ಎಕರೆ ಲೆಕ್ಕದಲ್ಲಿ ಹೇಳಕ್ಕಾಗುತ್ತಾ? ಹಳದಿ ಎಲೆ ರೋಗ ಬಂದು ಮರ ಎಲ್ಲ ಬರಡಾದ ಎಕರೆ ಆದ್ರೆ ಹೋದ್ರೂ ಫಸಲು ಅಷ್ಟೇ ಇರುತ್ತೆ. ಶ್ವಾಸಕೋಶದ್ದೂ ಅದೇ ಲೆಕ್ಕ, ಮತ್ತೆ ನಮ್ಮ ಕಡೆಯವರಿಗೆ ಇದು ಇನ್ನೂ ಜಾಸ್ತಿ ಮುಖ್ಯ ಯಾಕಂದ್ರೆ ಇಲ್ಲಿ ಬರೋರೆಲ್ಲ ಬರೀ ಕ್ಯಾನ್ಸರ್ ಇರೋರಲ್ಲ. ಹಳೇ ಟಿಬಿ ಬಂದು ಒಂದು ಕಡೆ ಪೂರ್ತಿ ಸುಕ್ಕಾಗಿರೋರು, ಟಿಬಿ ಗೂಡಲ್ಲಿ ಫಂಗಸ್ ಗಡ್ಡೆ ಬೆಳೆದು ಕೆಮ್ಮಿದ್ರೆ ರಕ್ತ ಬರೋರು, ವರ್ಷಗಟ್ಲೆ ಒಲೆ ಮುಂದೆ, ಬಚ್ಚಲೊಲೆ ಮುಂದೆ ಹೊಗೆ ಕುಡಿದ ಅಮ್ಮಂದಿರು, ಬೀಡಿ ಬಿಡದ ಅಜ್ಜಂದಿರು, ಇಂಥವರ ಲಂಗ್ಸ್ ಎಲ್ಲ ಕಡೆ ಒಂದೇ ಥರ ಇರಲ್ಲ. ಒಂದೇ ಥರ ಇದೆ ಅಂದ್ಕೊಂಡು ಲೆಕ್ಕ ಹಾಕಿದ್ರೆ ತಪ್ಪಾಗೋದು ಅಲ್ಲೇ.

ಮೊದಲು ಊದೋ ಟೆಸ್ಟು

ಸ್ಕ್ಯಾನ್ ಎಷ್ಟೇ ಚೆನ್ನಾಗಿರ್ಲಿ, ಅದು ಹೇಳೋದು ಪಾಲು ಮಾತ್ರ, ಈ ಭಾಗದ ಪಾಲು ಇಷ್ಟು ಪರ್ಸೆಂಟ್ ಅಂತ. ಯಾವುದರಲ್ಲಿ ಪಾಲು ಅನ್ನೋ ಒಟ್ಟು ಮೊತ್ತ ಬರೋದು ಸ್ಪೈರೋಮೆಟ್ರಿಯಿಂದ. ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಲ್ಲಿ ಎಷ್ಟು ಲೀಟರ್ ಗಾಳಿ ಹೊರಗೆ ಬಂತು ಅನ್ನೋದೇ ಎಫ್‌ಇವಿ1. ಅದರ ಪಕ್ಕದಲ್ಲೇ ನಿಮ್ಮ ವಯಸ್ಸು, ಎತ್ತರಕ್ಕೆ ಇಷ್ಟು ಇರ್ಬೇಕಿತ್ತು ಅಂತ ಇನ್ನೊಂದು ಅಂಕಿ, ಅದಕ್ಕೆ ಹೋಲಿಸಿದ ಪರ್ಸೆಂಟು ಇರುತ್ತೆ. ಇನ್ಹೇಲರ್ ಕೊಟ್ಟ ಮೇಲಿನ ರೀಡಿಂಗನ್ನೇ ಲೆಕ್ಕಕ್ಕೆ ತಗೋಬೇಕು. ಒಂದು ಸಲ ಊದಿ ಎದ್ದು ಬಂದ್ರೆ ಆಗಲ್ಲ, ಕನಿಷ್ಠ 3 ಸಲ ಸರಿಯಾಗಿ ಊದ್ಬೇಕು, ಅದರಲ್ಲಿ ದೊಡ್ಡ ಎರಡು ರೀಡಿಂಗಿನ ನಡುವಿನ ವ್ಯತ್ಯಾಸ 150 ಮಿಲಿ ಒಳಗಿರ್ಬೇಕು. ರಿಪೋರ್ಟಲ್ಲಿ ಒಂದು ಸಲ 1.2, ಇನ್ನೊಂದು ಸಲ 1.7 ಅಂತ ಇದ್ರೆ ಆ ಟೆಸ್ಟನ್ನ ನಂಬ್ಕೊಂಡು ಮುಂದಕ್ಕೆ ಹೋಗ್ಬೇಡಿ, ಮತ್ತೆ ಮಾಡಿಸಿ. ನೆಗಡಿ, ಕಫ ಜಾಸ್ತಿ ಇರೋ ವಾರದಲ್ಲಿ ಮಾಡಿಸಬೇಡಿ. ಕೆಮ್ಮಲ್ಲಿ ರಕ್ತ ಬರ್ತಿದ್ರೆ, ಅಥವಾ ಕಫದಲ್ಲಿ ಟಿಬಿ ಇನ್ನೂ ಪಾಸಿಟಿವ್ ಇದ್ರೆ ಊದೋಕೆ ಮುಂಚೆ ಹೇಳಲೇಬೇಕು, ಅಂಥ ಹೊತ್ತಲ್ಲಿ ಸಾಮಾನ್ಯವಾಗಿ ಈ ಟೆಸ್ಟನ್ನ ಮುಂದಕ್ಕೆ ಹಾಕ್ತಾರೆ.

ಇದರ ಜೊತೆಗೆ ಡಿಎಲ್‌ಸಿಒ ಅಂತ ಇನ್ನೊಂದು ಟೆಸ್ಟ್ ಇದೆ. ಗಾಳಿ ಒಳಗೆ ಹೋದ್ರೆ ಸಾಲ್ದು, ಅದು ರಕ್ತಕ್ಕೆ ಸೇರ್ಬೇಕಲ್ಲ, ಅದನ್ನ ಅಳೆಯೋ ಟೆಸ್ಟು. ಚೂರು ಕಾರ್ಬನ್ ಮಾನಾಕ್ಸೈಡ್ ಬೆರೆಸಿದ ಗಾಳಿ ಎಳೆದು ಹಿಡ್ಕೊಂಡು ಬಿಡಬೇಕು. ಎಲ್ಲಾ ಊರಲ್ಲೂ ಮಷೀನ್ ಇರಲ್ಲ. ಊದೋದು ಚೆನ್ನಾಗೇ ಇದ್ದು ಡಿಎಲ್‌ಸಿಒ ಕೆಟ್ಟಿರೋರು ಇರ್ತಾರೆ, ಹಂಗಾಗಿ ದೊಡ್ಡ ಆಪರೇಷನ್ ಅಂದ್ರೆ ಎರಡೂ ಬೇಕು. ರಕ್ತ ಕಮ್ಮಿ ಇದ್ರೆ ಈ ಅಂಕಿ ಸುಮ್ನೆ ಕೆಳಗೆ ಬೀಳುತ್ತೆ, ಹಿಮೋಗ್ಲೋಬಿನ್ ಹಾಕಿ ಸರಿಪಡಿಸಿದ್ದಾರಾ ನೋಡಿ.

ಸುಲಭದ ಲೆಕ್ಕ: ಸೆಗ್ಮೆಂಟ್ ಎಣಿಸೋದು

ಶ್ವಾಸಕೋಶದ ದೊಡ್ಡ ಭಾಗಕ್ಕೆ ಲೋಬ್ ಅಂತಾರೆ, ಅದರೊಳಗಿನ ಸಣ್ಣ ಭಾಗಕ್ಕೆ ಸೆಗ್ಮೆಂಟ್ ಅಂತಾರೆ. ನಮ್ಮ ಎರಡೂ ಶ್ವಾಸಕೋಶ ಸೇರಿ 19 ಸೆಗ್ಮೆಂಟು ಅಂತ ಇಟ್ಕೊಳ್ತಾರೆ. ಬಲಗಡೆ 10: ಮೇಲಿನ ಲೋಬಲ್ಲಿ 3, ಮಧ್ಯದ್ದರಲ್ಲಿ 2, ಕೆಳಗಿನದರಲ್ಲಿ 5. ಎಡಗಡೆ 9: ಮೇಲಿನ ಲೋಬಲ್ಲಿ 5, ಕೆಳಗಿನದರಲ್ಲಿ 4. ಹೃದಯಕ್ಕೆ ಜಾಗ ಬಿಟ್ಟಿರೋದ್ರಿಂದ ಎಡಗಡೆ ಮಧ್ಯದ ಲೋಬು ಇಲ್ಲ. ತೆಗೆಯೋ ಸೆಗ್ಮೆಂಟ್ ಎಷ್ಟೋ ಅಷ್ಟನ್ನ ಒಟ್ಟು ಸೆಗ್ಮೆಂಟಿಂದ ಭಾಗಿಸಿ, 1ರಿಂದ ಕಳೆದು, ಈಗಿನ ಎಫ್‌ಇವಿ1ಗೆ ಗುಣಿಸಿದ್ರೆ ಆಯ್ತು.

ಉದಾಹರಣೆಗೆ ಹೊಸನಗರ ಕಡೆಯ ಒಬ್ಬ ಅಣ್ಣ ಅಂದ್ಕೊಳ್ಳಿ, ಬಲಗಡೆ ಮೇಲಿನ ಲೋಬಲ್ಲಿ ಗಡ್ಡೆ. (ಅಂಕಿ ಎಲ್ಲ ಲೆಕ್ಕ ತೋರಿಸಕ್ಕೆ ಇಟ್ಟಿದ್ದು, ಯಾರದೋ ರಿಪೋರ್ಟ್ ಅಲ್ಲ.) ಎಫ್‌ಇವಿ1 1.8 ಲೀಟರ್, ಇರ್ಬೇಕಾಗಿದ್ದು 2.5, ಅಂದ್ರೆ 72 ಪರ್ಸೆಂಟ್. ತೆಗೆಯೋದು 3 ಸೆಗ್ಮೆಂಟು. 1.8 × (1 − 3/19), ಅಂದ್ರೆ 1.52 ಲೀಟರ್. ಪರ್ಸೆಂಟಲ್ಲಿ ಸುಮಾರು 61. ಡಿಎಲ್‌ಸಿಒ ಪರ್ಸೆಂಟನ್ನೂ ಇದೇ ಥರ ಗುಣಿಸೋದು.

ಇಲ್ಲೇ ಒಂದು ಮಾತು ಗಟ್ಟಿಯಾಗಿ ಹಿಡ್ಕೊಳ್ಳಿ. ಗಡ್ಡೆ ಬಂದು ಶ್ವಾಸನಾಳ ಮುಚ್ಚಿ, ಸೆಗ್ಮೆಂಟು ಗಾಳಿ ಇಲ್ದೆ ಕುಸಿದು ಕೂತಿದ್ರೆ ಅದನ್ನ ತೆಗೆಯೋ ಲೆಕ್ಕಕ್ಕೂ ಸೇರಿಸಬಾರದು, ಒಟ್ಟು ಲೆಕ್ಕಕ್ಕೂ ಸೇರಿಸಬಾರದು, ಯಾಕಂದ್ರೆ ಈಗ ಊದಿದ 1.8 ಲೀಟರಲ್ಲಿ ಅದರ ಕೊಡುಗೆ ಏನೂ ಇಲ್ಲ. ಎಡಗಡೆ ಕೆಳಗಿನ ಲೋಬ್ ತೆಗೀಬೇಕು, ಅದರ 4ರಲ್ಲಿ 2 ಸೆಗ್ಮೆಂಟು ಮುಚ್ಚಿದೆ ಅಂದ್ರೆ ಒಟ್ಟು 17, ಕಳ್ಕೊಳ್ಳೋದು 2. ಅದೇ 1.8 ಇಟ್ಕೊಂಡ್ರೆ 1.59 ಲೀಟರ್ ಉಳಿಯುತ್ತೆ. ಕಣ್ಣು ಮುಚ್ಚಿ 4/19 ಹಾಕಿದ್ರೆ 1.42 ಬರ್ತಿತ್ತು. ಯಾವ ಸೆಗ್ಮೆಂಟು ಮುಚ್ಚಿದೆ ಅನ್ನೋದು ಸಿಟಿಯಲ್ಲಿ ಕಾಣುತ್ತೆ, ಶ್ವಾಸನಾಳದೊಳಗೆ ಕ್ಯಾಮೆರಾ ಪೈಪ್ ಬಿಟ್ಟು ನೋಡೋ ಬ್ರಾಂಕೋಸ್ಕೋಪಿಯಲ್ಲಿ ಖಚಿತ ಆಗುತ್ತೆ, ಹಂಗಾಗಿ ಈ ಸುಲಭದ ಲೆಕ್ಕಕ್ಕೂ ಸ್ಕ್ಯಾನ್ ಬೇಕೇ ಬೇಕು.

ಒಂದು ಕಡೆ ಪೂರ್ತಿ ತೆಗೀಬೇಕಾದಾಗ

ಒಂದು ಲೋಬ್ ತೆಗೆಯೋದಾದ್ರೆ ಎಣಿಸೋ ಲೆಕ್ಕ ಸುಮಾರಾಗಿ ನಡೆಯುತ್ತೆ. ಒಂದು ಕಡೆಯ ಶ್ವಾಸಕೋಶ ಪೂರ್ತಿ ತೆಗೀಬೇಕು ಅಂದ್ರೆ ಅದು ಸಾಲಲ್ಲ, ಅಲ್ಲಿ ಯಾವ ಕಡೆಗೆ ಎಷ್ಟು ರಕ್ತ ಹೋಗ್ತಿದೆ ಅಂತ ತೋರಿಸೋ ಪರ್ಫ್ಯೂಷನ್ ಸ್ಕ್ಯಾನ್ ಬೇಕು. ಯಾಕೆ ಅಂತ ಒಂದು ಕೇಸ್ ಇಟ್ಟೇ ಹೇಳ್ತೀನಿ, ಇದೂ ತೋರಿಸಕ್ಕೆ ಇಟ್ಟ ಅಂಕಿಗಳೇ. ಒಬ್ರು ಅಕ್ಕ, ವರ್ಷಗಳ ಹಿಂದೆ ಟಿಬಿ ಆಗಿ ಎಡಗಡೆ ಲಂಗ್ಸ್ ಪೂರ್ತಿ ಹಾಳಾಗಿದೆ, ಪದೇ ಪದೇ ಕೀವು, ರಕ್ತ. ಎಫ್‌ಇವಿ1 1.2 ಲೀಟರ್, ಇರ್ಬೇಕಾಗಿದ್ದು 2.2. ಸೆಗ್ಮೆಂಟ್ ಲೆಕ್ಕ ಹಾಕಿದ್ರೆ 9 ಹೋಗುತ್ತೆ, 1.2 × 10/19, ಬರೀ 0.63 ಲೀಟರ್, 29 ಪರ್ಸೆಂಟ್. ಈ ಅಂಕಿ ನೋಡಿ ಬಹಳ ಜನ ಆಪರೇಷನ್ ಬೇಡ ಅಂತಾರೆ. ಈಗ ಪರ್ಫ್ಯೂಷನ್ ಸ್ಕ್ಯಾನ್ ಮಾಡಿಸಿದ್ರು, ಎಡಗಡೆಗೆ ಹೋಗ್ತಿರೋದು ಒಟ್ಟು ರಕ್ತದ 8 ಪರ್ಸೆಂಟ್ ಮಾತ್ರ ಅಂತ ಬಂತು. 1.2 × (1 − 0.08), ಅಂದ್ರೆ 1.10 ಲೀಟರ್, 50 ಪರ್ಸೆಂಟ್. ಅದೇ ಮನುಷ್ಯೆ, ಅದೇ ಆಪರೇಷನ್, 29 ಎಲ್ಲಿ 50 ಎಲ್ಲಿ! ಟಿಬಿಯಿಂದ ಹಾಳಾದ ಲಂಗ್ಸ್ ಇರೋರಿಗೆ ಬರೀ ಸೆಗ್ಮೆಂಟ್ ಎಣಿಸಿ ಆಪರೇಷನ್ ಆಗಲ್ಲ ಅಂತ ಹೇಳೋದು ನನ್ನ ಪ್ರಕಾರ ಅನ್ಯಾಯ, ಸ್ಕ್ಯಾನ್ ಮಾಡಿಸದೆ ಆ ಮಾತು ಆಡಬಾರದು. ಉಲ್ಟಾನೂ ಆಗುತ್ತೆ, ತೆಗೆಯೋ ಕಡೆಯದೇ ಚೆನ್ನಾಗಿ ಕೆಲಸ ಮಾಡ್ತಾ, ಉಳಿಯೋ ಕಡೆ ಹಾಳಾಗಿರೋರು ಇರ್ತಾರೆ, ಅವರಿಗೆ ಸೆಗ್ಮೆಂಟ್ ಲೆಕ್ಕ ಸುಳ್ಳು ಧೈರ್ಯ ಕೊಡುತ್ತೆ.

ಪರ್ಫ್ಯೂಷನ್ ಸ್ಕ್ಯಾನ್ ಅಂದ್ರೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಮಾಡೋದು. ಟೆಕ್ನೀಷಿಯಂ-99ಎಂ ಅಂಟಿಸಿದ ಅಲ್ಬುಮಿನ್ ಕಣಗಳನ್ನ ಕೈ ನರಕ್ಕೆ ಇಂಜೆಕ್ಷನ್ ಕೊಡ್ತಾರೆ. ಕಣ ಕೂದಲಿಗಿಂತ ಸಣ್ಣದು, ಆದ್ರೆ ಶ್ವಾಸಕೋಶದ ಅತಿ ಸಣ್ಣ ರಕ್ತನಾಳಕ್ಕಿಂತ ದಪ್ಪ, ಹಂಗಾಗಿ ರಕ್ತ ಎಲ್ಲಿಗೆ ಎಷ್ಟು ಹೋಗುತ್ತೋ ಅಲ್ಲಿ ಅಷ್ಟು ಸಿಕ್ಕಿಕೊಳ್ಳುತ್ತೆ. ಹೆದರ್ಕೋಬೇಡಿ, ಸಾವಿರ ನಾಳದಲ್ಲಿ ಒಂದೂ ಮುಚ್ಚಲ್ಲ, ಆ ಕಣನೂ ಕೆಲವು ಗಂಟೆಯಲ್ಲಿ ಕರಗಿ ಹೋಗುತ್ತೆ. ಗಾಮಾ ಕ್ಯಾಮೆರಾ ಮುಂದಿನಿಂದ ಹಿಂದಿನಿಂದ ಫೋಟೋ ತೆಗೆದು ಎಲ್ಲಿಂದ ಎಷ್ಟು ಕಿರಣ ಬಂತು ಅನ್ನೋ ಎಣಿಕೆ ಹೇಳುತ್ತೆ. ಆರೋಗ್ಯವಂತರಲ್ಲಿ ಬಲಗಡೆ ಸುಮಾರು 55, ಎಡಗಡೆ 45 ಪರ್ಸೆಂಟ್ ಬರುತ್ತೆ. ಗರ್ಭಿಣಿ ಆಗಿದ್ರೆ, ಮಗುಗೆ ಹಾಲು ಕೊಡ್ತಿದ್ರೆ ಮೊದಲೇ ಹೇಳಿ.

ಈ ಕೆಲಸ ಕಲಿಯೋ ಹುಡುಗ್ರಿಗೆ ಇಲ್ಲಿ ಎರಡು ಮಾತು. ಒಂದು, ಇಂಜೆಕ್ಷನ್ ಮಲಗಿಸಿ ಕೊಡಿ, ಕೂತಿದ್ರೆ ರಕ್ತ ಕೆಳಗಿನ ಭಾಗಕ್ಕೆ ಜಾಸ್ತಿ ಇಳಿದು ಪಾಲು ಏರುಪೇರು ಆಗುತ್ತೆ, ಸಿರಿಂಜನ್ನ ಕೊಡೋಕೆ ಮುಂಚೆ ಮೆಲ್ಲಗೆ ಅಲ್ಲಾಡಿಸಿ, ಮತ್ತೆ ಸಿರಿಂಜಿಗೆ ರಕ್ತ ವಾಪಸ್ ಎಳೀಬೇಡಿ, ಎಳೆದ್ರೆ ಕಣ ಹೆಪ್ಪುಗಟ್ಟಿ ಫೋಟೋದಲ್ಲಿ ಅಲ್ಲಲ್ಲಿ ಉರಿಯೋ ಚುಕ್ಕೆ ಬಂದು ಎಣಿಕೆ ಕೆಡುತ್ತೆ. ಎರಡು, ಬರೀ ಮುಂದಿನ ಫೋಟೋ ಅಥವಾ ಬರೀ ಹಿಂದಿನ ಫೋಟೋ ಇಟ್ಕೊಂಡು ಪಾಲು ಹೇಳಬೇಡಿ. ಮುಂದಿನ ಎಣಿಕೆ, ಹಿಂದಿನ ಎಣಿಕೆ ಎರಡನ್ನೂ ಗುಣಿಸಿ ವರ್ಗಮೂಲ ತೆಗೀರಿ. ಬಲಗಡೆ ಮುಂದೆ 90, ಹಿಂದೆ 110 ಸಾವಿರ ಇದ್ರೆ ವರ್ಗಮೂಲ 99.5. ಎಡಗಡೆ 60 ಮತ್ತೆ 80 ಇದ್ರೆ 69.3. ಎಡಗಡೆ ಪಾಲು 69.3 ಭಾಗಿಸು 168.8, ಅಂದ್ರೆ 41 ಪರ್ಸೆಂಟ್. ಮುಂದಿನ ಫೋಟೋದಲ್ಲಿ ಎಡಗಡೆಗೆ ಹೃದಯ ಅಡ್ಡ ಬರೋದ್ರಿಂದ ಈ ಕೆಲಸ ಮಾಡಲೇಬೇಕು.

ಒಂದು ಮಿತಿ ಇದೆ. ಹಳೇ ಥರದ ಫೋಟೋದಲ್ಲಿ ಪ್ರತಿ ಲಂಗ್ಸನ್ನ ಮೇಲೆ, ಮಧ್ಯ, ಕೆಳಗೆ ಅಂತ ಮೂರು ಪಟ್ಟಿ ಮಾಡಿ ಪರ್ಸೆಂಟ್ ಬರೀತಾರೆ. ಪಟ್ಟಿ ಬೇರೆ, ಲೋಬ್ ಬೇರೆ. ಲೋಬುಗಳ ನಡುವಿನ ಗೆರೆ ಓರೆಯಾಗಿ ಹಿಂದಿನಿಂದ ಮುಂದಕ್ಕೆ ಇಳಿಯುತ್ತೆ, ಹಂಗಾಗಿ "ಮೇಲಿನ ಪಟ್ಟಿ 12 ಪರ್ಸೆಂಟ್" ಅಂದ್ರೆ ಮೇಲಿನ ಲೋಬ್ 12 ಪರ್ಸೆಂಟ್ ಅಂತ ಅಲ್ಲವೇ ಅಲ್ಲ, ಆ ಪಟ್ಟಿಯಲ್ಲಿ ಹಿಂಬದಿಯಿಂದ ಕೆಳಗಿನ ಲೋಬಿನ ತುದಿನೂ ಸೇರಿರುತ್ತೆ. ಎಡ ಬಲ ಹೋಲಿಸಕ್ಕೆ ಆ ಫೋಟೋ ಸಾಕು, ಒಂದೇ ಲೋಬಿನ ಪಾಲು ಬೇಕಂದ್ರೆ ಸ್ಪೆಕ್ಟ್-ಸಿಟಿ ಕೇಳಿ, ಅದರಲ್ಲಿ ಪರ್ಫ್ಯೂಷನ್ ಸ್ಕ್ಯಾನು, ಸಿಟಿ ಎರಡೂ ಒಂದರ ಮೇಲೊಂದು ಕೂತು ಲೋಬಿನ ಗಡಿ ಕಾಣುತ್ತೆ.

ಬರೀ ಸಿಟಿ ಇಟ್ಕೊಂಡು ಲೆಕ್ಕ ಹಾಕೋದು

ಇದು ನನ್ನ ಕೆಲಸದ ಜಾಗ, ಹಂಗಾಗಿ ಸ್ವಲ್ಪ ಉದ್ದ ಆಗುತ್ತೆ. ಗಡ್ಡೆ ಇರೋರಿಗೆ ಹೇಗಿದ್ರೂ ಸಿಟಿ ಆಗೇ ಇರುತ್ತೆ, ಅದರಿಂದಲೇ ಲೋಬ್ ಲೋಬಿಗೂ ಪಾಲು ತೆಗೀಬಹುದು, ಇನ್ನೊಂದು ಊರಿಗೆ ಹೋಗೋ ಖರ್ಚು ಎಷ್ಟೋ ಸಲ ತಪ್ಪುತ್ತೆ. ಆದ್ರೆ ಸಿಟಿಯನ್ನ ಅದಕ್ಕೆ ತಕ್ಕಂತೆ ತೆಗೆದಿರ್ಬೇಕು.

ಸಿಟಿಯಲ್ಲಿ ಪ್ರತಿ ಚುಕ್ಕೆಗೂ ಒಂದು ಸಾಂದ್ರತೆಯ ಅಂಕಿ ಇರುತ್ತೆ, ಹೌನ್ಸ್‌ಫೀಲ್ಡ್ ಯೂನಿಟ್ ಅಂತಾರೆ. ನೀರು 0, ಗಾಳಿ −1000. ಎದೆ ತುಂಬ ಗಾಳಿ ಎಳ್ಕೊಂಡಾಗ ಚೆನ್ನಾಗಿರೋ ಲಂಗ್ಸ್ −850 ಸುಮಾರಿಗೆ ಬರುತ್ತೆ. ಎಂಫಿಸೀಮಾ ಆಗಿ ಒಳಗಿನ ಗೋಡೆ ಎಲ್ಲ ಹಾಳಾಗಿ ಬರೀ ಪೊಳ್ಳು ಉಳಿದಿದ್ರೆ −950ಕ್ಕಿಂತ ಕೆಳಗೆ. ಗಡ್ಡೆ, ನ್ಯುಮೋನಿಯಾ, ಕುಸಿದ ಭಾಗ ಎಲ್ಲ −500ಕ್ಕಿಂತ ಮೇಲೆ. ಸಾಮಾನ್ಯವಾಗಿ −910ರಿಂದ −500 ನಡುವೆ ಇರೋದನ್ನ ಕೆಲಸ ಮಾಡೋ ಭಾಗ ಅಂತ ತಗೊಳ್ತಾರೆ, ಕೆಲವರು ಕೆಳಗಿನ ಗಡಿಯನ್ನ −950 ಇಡ್ತಾರೆ. ಯಾವುದು ಇಟ್ರೂ ಎಲ್ಲಾ ಲೋಬಿಗೂ ಅದನ್ನೇ ಇಡಿ, ರಿಪೋರ್ಟಲ್ಲಿ ಬರೀರಿ.

ಈಗ ಸ್ಕ್ಯಾನ್ ತೆಗೆಯೋದು. ಎಲ್ಲಕ್ಕಿಂತ ಮುಖ್ಯ ಉಸಿರು ಹಿಡಿಸೋದು. ಮಷೀನಿನ ಒಳಗಿಂದ ಬರೋ ರೆಕಾರ್ಡ್ ಧ್ವನಿ ಇಂಗ್ಲಿಷಲ್ಲೋ ಹಿಂದಿಯಲ್ಲೋ ಇದ್ರೆ, ಹಳ್ಳಿಯಿಂದ ಬಂದ ಅಜ್ಜಿಗೆ ಅದು ಏನಂತ ಗೊತ್ತಾಗುತ್ತೆ ಮಾರಾಯ್ರೆ? ಅವರು ಗಾಬರಿಯಲ್ಲಿ ಅರ್ಧ ಉಸಿರು ತಗೊಂಡು ಬಿಡ್ತಾರೆ, ಲಂಗ್ಸ್ ಅರ್ಧ ತುಂಬಿ ಎಲ್ಲ ಕಡೆ ಸಾಂದ್ರತೆ ಜಾಸ್ತಿ ಬರುತ್ತೆ, ಎಂಫಿಸೀಮಾ ಇದ್ರೂ ಮುಚ್ಚಿಹೋಗುತ್ತೆ. ಟೇಬಲ್ ಮೇಲೆ ಮಲಗಿಸೋಕೆ ಮುಂಚೆ ಪಕ್ಕದಲ್ಲಿ ನಿಂತು "ಅಜ್ಜಿ, ಎದೆ ತುಂಬ ಎಳ್ಕೊಳ್ಳಿ, ಇನ್ನೂ ಎಳ್ಕೊಳ್ಳಿ, ಹಂಗೇ ಹಿಡ್ಕೊಳ್ಳಿ, ನಾನು ಬಿಡಿ ಅನ್ನೋವರೆಗೂ ಬಿಡ್ಬೇಡಿ" ಅಂತ ಎರಡು ಮೂರು ಸಲ ಪ್ರಾಕ್ಟೀಸ್ ಮಾಡ್ಸಿ, ಹೊಟ್ಟೆ ಮೇಲೆ ಕೈ ಇಟ್ಟು ನೋಡಿ, ಆಮೇಲೆ ಮೈಕಲ್ಲಿ ನಿಮ್ಮದೇ ಧ್ವನಿಯಲ್ಲಿ ಅದೇ ಮಾತು ಹೇಳಿ. ಏದುಸಿರು ಇರೋರಿಗೆ ಕೈ ಮೇಲೆ ಎತ್ತಿ ಮಲಗಿ ಸುಧಾರಿಸ್ಕೊಳ್ಳೋಕೆ ಎರಡು ನಿಮಿಷ ಕೊಡಿ. ರೋಗಿಯ ಕಡೆಯವರಿಗೂ ಹೇಳ್ತೀನಿ, ಮನೆಯಲ್ಲೇ 10 ಸೆಕೆಂಡ್ ಉಸಿರು ಹಿಡಿಯೋದು ಅಭ್ಯಾಸ ಮಾಡಿಸಿ ಕರ್ಕೊಂಡು ಬನ್ನಿ, ಇದರಷ್ಟು ದೊಡ್ಡ ಸಹಾಯ ಇನ್ನೊಂದಿಲ್ಲ.

ಎರಡನೇದು ಕಾಂಟ್ರಾಸ್ಟ್. ಕ್ಯಾನ್ಸರ್ ನೋಡಕ್ಕೆ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕಾಗುತ್ತೆ, ಆದ್ರೆ ಅದು ರಕ್ತಕ್ಕೆ ಸೇರಿದ ಮೇಲೆ ಲಂಗ್ಸಿನ ಅಂಕಿಗಳೂ ಮೇಲಕ್ಕೆ ಸರಿಯುತ್ತೆ. ಹಂಗಾಗಿ ಇಂಜೆಕ್ಷನ್ ಕೊಡೋಕೆ ಮುಂಚೆ ಕಮ್ಮಿ ಡೋಸಲ್ಲಿ ಒಂದು ಪ್ಲೇನ್ ಸೀರೀಸ್ ಬೇಕಾ ಅಂತ ರೇಡಿಯಾಲಜಿ ಡಾಕ್ಟ್ರನ್ನ ಕೇಳಿ ಇಟ್ಕೊಳ್ಳಿ. ಮೂರನೇದು ಸ್ಲೈಸ್, ಅಂದ್ರೆ ಒಂದೊಂದು ಚಿತ್ರದ ಪದರದ ದಪ್ಪ, 1 ಅಥವಾ 1.25 ಮಿಮೀ ಇರ್ಬೇಕು, 5 ಮಿಮೀ ಸ್ಲೈಸಲ್ಲಿ ಲೋಬಿನ ನಡುವಿನ ಗೆರೆನೇ ಕಾಣಲ್ಲ. ಮತ್ತೆ ಸಾಫ್ಟ್ ಕರ್ನಲ್ (ಚಿತ್ರವನ್ನ ನಯವಾಗಿ ಮೂಡಿಸೋ ಸೆಟ್ಟಿಂಗ್) ಸೀರೀಸ್ ಬೇಕು, ಲಂಗ್ಸ್ ಚೂಪಾಗಿ ಕಾಣ್ಲಿ ಅಂತ ಶಾರ್ಪ್ ಕರ್ನಲ್ ಹಾಕಿದ ಚಿತ್ರ ಕಣ್ಣಿಗೆ ಚೆಂದ ಆದ್ರೆ ಅದರ ಕಾಳು ಕಾಳು ನಾಯ್ಸಿಂದ ಇಲ್ಲದ ಎಂಫಿಸೀಮಾ ಇದ್ದಂಗೆ ಲೆಕ್ಕ ಬರುತ್ತೆ.

ಜನ ಫಿಲ್ಮ್ ಶೀಟ್ ಮಾತ್ರ ಜೋಪಾನ ಮಾಡ್ತಾರೆ, ಸಿಡಿ ಎಲ್ಲೋ ಹೋಗಿರುತ್ತೆ. ಫಿಲ್ಮಿಂದ ಈ ಲೆಕ್ಕ ಹಾಕಕ್ಕೆ ಆಗಲ್ಲ! ಸಿಡಿ ಅಥವಾ ಪೆನ್‌ಡ್ರೈವಲ್ಲಿ ಡೈಕಾಂ ಫೈಲ್ (ಸ್ಕ್ಯಾನ್ ಚಿತ್ರಗಳ ಕಂಪ್ಯೂಟರ್ ಫೈಲ್) ಬೇಕು, ಅದೂ ತೆಳು ಸ್ಲೈಸಿಂದು. ಸ್ಕ್ಯಾನ್ ಆದ ದಿನವೇ "ತೆಳು ಸ್ಲೈಸ್ ಹಾಕಿ ಕೊಡಿ" ಅಂತ ಕೇಳಿ ತಗೊಳ್ಳಿ, ಮೂಲ ಡೇಟಾ ಮಷೀನಲ್ಲಿ ಬಹಳ ದಿನ ಇಟ್ಟಿರಲ್ಲ, ತಿಂಗಳು ಬಿಟ್ಟು ಬಂದು ಕೇಳಿದ್ರೆ ನಾವು ಏನೂ ಮಾಡಕ್ಕಾಗಲ್ಲ.

ಫೈಲ್ ಸಿಕ್ಕ ಮೇಲೆ ದೊಡ್ಡ ಆಸ್ಪತ್ರೆಗಳಲ್ಲಿ ವರ್ಕ್‌ಸ್ಟೇಷನ್ ಸಾಫ್ಟ್‌ವೇರಲ್ಲೇ ಲೋಬ್ ಬೇರೆ ಮಾಡ್ತಾರೆ. ಕಲಿಯೋರಿಗೆ 3ಡಿ ಸ್ಲೈಸರ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಅದರೊಳಗೆ ಟೋಟಲ್‌ಸೆಗ್ಮೆಂಟೇಟರ್ ಹಾಕ್ಕೊಂಡ್ರೆ ಐದೂ ಲೋಬನ್ನ ತಾನೇ ಬಣ್ಣ ಹಚ್ಚಿ ಕೊಡುತ್ತೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಲ್ಲಿ ನಿಧಾನ, ಆದ್ರೂ ಆಗುತ್ತೆ. ಸ್ಲೈಸರ್ ಇರೋದು ಸಂಶೋಧನೆಗೆ ಅಂತ ಅದನ್ನ ಮಾಡಿದವರೇ ಹೇಳಿದ್ದಾರೆ, ಹಂಗಾಗಿ ಅದರ ಅಂಕಿಯನ್ನ ಕಲಿಯಕ್ಕೆ, ಚರ್ಚೆಗೆ ಇಟ್ಕೊಳ್ಳಿ, ರೋಗಿಯ ರಿಪೋರ್ಟಲ್ಲಿ ಸೈನ್ ಹಾಕಿ ಕೊಡಬೇಡಿ. ಬಣ್ಣ ಹಚ್ಚಿದ್ದನ್ನ ಹಂಗೇ ನಂಬಬೇಡಿ, ಪಕ್ಕದಿಂದ ನೋಡೋ ಸ್ಯಾಜಿಟಲ್ ಚಿತ್ರದಲ್ಲಿ ಗೆರೆ ಎಲ್ಲಿದೆ, ಬಣ್ಣ ಎಲ್ಲಿ ನಿಂತಿದೆ ಅಂತ ಒಂದೊಂದೇ ಸ್ಲೈಸ್ ನೋಡಿ. ಎಷ್ಟೋ ಜನಕ್ಕೆ ಹುಟ್ಟಿಂದಲೇ ಗೆರೆ ಅರ್ಧಂಬರ್ಧ ಇರುತ್ತೆ, ಹಳೇ ಟಿಬಿ ಇದ್ರಂತೂ ಮೇಲಿನ ಲೋಬ್ ಸುಕ್ಕಾಗಿ ಕೆಳಗಿನದು ಮೇಲಕ್ಕೆ ಎಳೆದುಕೊಂಡಿರುತ್ತೆ, ಸಾಫ್ಟ್‌ವೇರ್ ಎಡವೋದು ಅಲ್ಲೇ, ಕೈಯಲ್ಲಿ ತಿದ್ದಬೇಕು. ಆಮೇಲೆ ಪ್ರತಿ ಲೋಬಲ್ಲೂ −910ರಿಂದ −500 ನಡುವೆ ಎಷ್ಟು ಮಿಲಿ ಇದೆ ಅಂತ ತೆಗೆದು ಪಟ್ಟಿ ಮಾಡಿ.

ಮೊದಲು ಹೇಳಿದ ಹೊಸನಗರದ ಅಣ್ಣನದೇ ತಗೊಳ್ಳಿ. ಬಲ ಮೇಲಿನದು 420, ಮಧ್ಯದ್ದು 380, ಕೆಳಗಿನದು 1050, ಎಡ ಮೇಲಿನದು 950, ಕೆಳಗಿನದು 900. ಒಟ್ಟು 3700 ಮಿಲಿ. ಆ ಮೇಲಿನ ಲೋಬ್ ನೋಡಕ್ಕೆ 900 ಮಿಲಿ ಇದ್ರೂ ಬೀಡಿಯಿಂದ ಪೊಳ್ಳಾಗಿರೋದು, ಗಡ್ಡೆ ಕೂತಿರೋದು ಎಲ್ಲ ಕಳೆದ್ರೆ ಕೆಲಸಕ್ಕೆ ಬರೋದು 420 ಮಾತ್ರ. ಪಾಲು 11.4 ಪರ್ಸೆಂಟ್. 1.8 × 0.886, ಸುಮಾರು 1.6 ಲೀಟರ್, 64 ಪರ್ಸೆಂಟ್. ಸೆಗ್ಮೆಂಟ್ ಲೆಕ್ಕದಲ್ಲಿ 61 ಬಂದಿತ್ತು. ಇವರಿಗೆ ವ್ಯತ್ಯಾಸ ಕಮ್ಮಿ, ಆದ್ರೆ ಗಡಿಯಲ್ಲಿ ನಿಂತಿರೋರಿಗೆ ಈ 3 ಪರ್ಸೆಂಟೂ ಲೆಕ್ಕಕ್ಕೆ ಬರುತ್ತೆ.

ಬಂದ ಅಂಕಿ ಏನು ಹೇಳುತ್ತೆ

ಅಮೆರಿಕದ ಎದೆರೋಗ ತಜ್ಞರ ಕಾಲೇಜು 2013ರಲ್ಲಿ ಕೊಟ್ಟ ಮಾರ್ಗಸೂಚಿ ಬಹಳ ಕಡೆ ನಡೆಯುತ್ತೆ, ಅದು ಬರೆದಿರೋದು ಶ್ವಾಸಕೋಶದ ಕ್ಯಾನ್ಸರಿಗೆ. ಆಪರೇಷನ್ ನಂತರದ ಅಂದಾಜು ಎಫ್‌ಇವಿ1, ಡಿಎಲ್‌ಸಿಒ ಎರಡೂ 60 ಪರ್ಸೆಂಟಿಗಿಂತ ಜಾಸ್ತಿ ಇದ್ರೆ ಉಸಿರಿನ ದೃಷ್ಟಿಯಿಂದ ಅಪಾಯ ಕಮ್ಮಿ, ಇನ್ನೇನೂ ಟೆಸ್ಟ್ ಬೇಡ. ಒಂದಾದ್ರೂ 60ಕ್ಕಿಂತ ಕೆಳಗಿದ್ದು ಎರಡೂ 30ರ ಮೇಲಿದ್ರೆ ಮೆಟ್ಟಿಲು ಹತ್ತಿಸೋ ಟೆಸ್ಟ್ ಅಥವಾ ಶಟಲ್ ನಡಿಗೆ, ಅಂದ್ರೆ ಎರಡು ಗುರುತಿನ ನಡುವೆ ಬೀಪ್ ಶಬ್ದಕ್ಕೆ ತಕ್ಕಂತೆ ಹೋಗಿ ಬರೋದು. 22 ಮೀಟರ್ ಎತ್ತರ ಹತ್ತಿದ್ರೆ, ಅಂದ್ರೆ ಸುಮಾರು ಆರೇಳು ಮಹಡಿ, ಅಥವಾ ಶಟಲಲ್ಲಿ 400 ಮೀಟರ್ ದಾಟಿದ್ರೆ ಪರವಾಗಿಲ್ಲ. ಅದಾಗದೇ ಇದ್ರೆ, ಅಥವಾ ಯಾವುದಾದ್ರೂ ಅಂಕಿ 30ಕ್ಕಿಂತ ಕೆಳಗಿದ್ರೆ ಸೈಕಲ್ ತುಳಿಸಿ ಆಕ್ಸಿಜನ್ ಬಳಕೆ ಅಳೆಯೋ ಸಿಪಿಇಟಿ ಟೆಸ್ಟು: ಕೆಜಿಗೆ ನಿಮಿಷಕ್ಕೆ 20 ಮಿಲಿಗಿಂತ ಜಾಸ್ತಿ ಬಂದ್ರೆ ಒಳ್ಳೇದು, 10ಕ್ಕಿಂತ ಕಮ್ಮಿ ಆದ್ರೆ ಅಪಾಯ ಬಹಳ ಜಾಸ್ತಿ. ಗಮನಿಸಿ, 30ಕ್ಕಿಂತ ಕೆಳಗೆ ಬಂದ ಕೂಡ್ಲೇ ಆಪರೇಷನ್ ಇಲ್ಲ ಅಂತ ಅಲ್ಲ, ಇನ್ನೊಂದು ಟೆಸ್ಟ್ ಬೇಕು ಅಂತ.

ನಮ್ಮ ಕಡೆಯವರು "ನಾನು ಈಗ್ಲೂ ಗುಡ್ಡ ಹತ್ತಿ ತೋಟಕ್ಕೆ ಹೋಗಿ ಬರ್ತೀನಿ" ಅಂತಾರೆ. ಅದನ್ನ ಡಾಕ್ಟ್ರಿಗೆ ಖಂಡಿತ ಹೇಳಿ, ಎಲ್ಲಿ ನಿಲ್ತೀರಿ, ಎಷ್ಟು ಸಲ ಕೂರ್ತೀರಿ ಅನ್ನೋದನ್ನೂ ಸೇರಿಸಿ ಹೇಳಿ. ಆದ್ರೆ ಮೆಟ್ಟಿಲ ಟೆಸ್ಟನ್ನ ಮನೆಯಲ್ಲೋ ಕವಲೇದುರ್ಗದ ಕೋಟೆಯಲ್ಲೋ ನೀವೇ ಮಾಡಕ್ಕೆ ಹೋಗ್ಬೇಡಿ, ಆಸ್ಪತ್ರೆಯಲ್ಲಿ ಬೆರಳಿಗೆ ಆಕ್ಸಿಜನ್ ಮೀಟರ್ ಹಾಕಿ, ಪಕ್ಕದಲ್ಲಿ ಜನ ಇಟ್ಕೊಂಡು ಮಾಡೋದು ಅದು.

ಅಂಕಿ ದಾರಿ ತಪ್ಪಿಸೋದೂ ಉಂಟು. ಮೇಲಿನ ಲೋಬಲ್ಲಿ ಜಾಸ್ತಿ ಎಂಫಿಸೀಮಾ ಇದ್ದು ಅದನ್ನೇ ತೆಗೆದಾಗ, ಉಬ್ಬಿಕೊಂಡು ಜಾಗ ಹಿಡಿದಿದ್ದ ಭಾಗ ಹೋಗಿ ಉಳಿದದ್ದಕ್ಕೆ ಅರಳೋಕೆ ಜಾಗ ಸಿಗುತ್ತೆ, ಲೆಕ್ಕಕ್ಕಿಂತ ಚೆನ್ನಾಗಿ ಉಸಿರಾಡ್ತಾರೆ. ಹಾಗೇನೇ ಮೊದಲ ವಾರ ಲೆಕ್ಕಕ್ಕಿಂತ ಬಹಳ ಕಮ್ಮಿ ಇರುತ್ತೆ, ಹೊಲಿಗೆ ನೋವು, ಕಫ, ಟ್ಯೂಬು ಎಲ್ಲ ಇರೋದ್ರಿಂದ. ನಾವು ಹಾಕಿದ ಅಂಕಿ ಮೂರರಿಂದ ಆರು ತಿಂಗಳ ನಂತರದ್ದು, ನಾಲ್ಕನೇ ದಿನದ್ದಲ್ಲ. ಇದನ್ನ ಮನೆಯವರಿಗೆ ಮೊದಲೇ ಹೇಳಿರ್ಬೇಕು, ಇಲ್ಲಾಂದ್ರೆ ಐಸಿಯು ಹೊರಗೆ ಕೂತೋರು ಹೆದರಿ ಅರ್ಧ ಆಗ್ತಾರೆ.

ಹೊರಡೋಕೆ ಮುಂಚೆ

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ಬೇರೆ ಕಡೆಯೋ ಮೊದಲ ತಪಾಸಣೆ ಆಗಿ, ಮುಂದಿನದಕ್ಕೆ ಮಣಿಪಾಲ, ಮಂಗಳೂರು, ಬೆಂಗಳೂರು ಅಂತ ಬರೆದುಕೊಟ್ರೆ ಹೊರಡೋ ಮುಂಚೆ ಫೋನ್ ಮಾಡಿ ಪರ್ಫ್ಯೂಷನ್ ಸ್ಕ್ಯಾನಿಗೆ ದಿನ ಗೊತ್ತು ಮಾಡ್ಕೊಳ್ಳಿ. ಟೆಕ್ನೀಷಿಯಂ 6 ಗಂಟೆಗೆ ಅರ್ಧ ಆಗಿಹೋಗೋ ವಸ್ತು, ದಿನಾ ಬೆಳಿಗ್ಗೆ ತೆಗೆದು ಆವತ್ತೇ ಬಳಸ್ತಾರೆ, ಮಧ್ಯಾಹ್ನ ಮೇಲೆ ಹೋಗಿ ನಿಂತ್ರೆ "ನಾಳೆ ಬನ್ನಿ" ಅಂತಾರೆ, ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿದು ಹೋಗೋರಿಗೆ ರೋಗಿನ ಕರ್ಕೊಂಡು ಅದು ಸಣ್ಣ ಕಷ್ಟ ಅಲ್ಲ. ಆಯುಷ್ಮಾನ್ ಕಾರ್ಡಲ್ಲಿ ಹೋಗೋರು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮರೀಬೇಡಿ. ಫೈಲಲ್ಲಿ ಸ್ಪೈರೋಮೆಟ್ರಿಯ ಪೂರ್ತಿ ರಿಪೋರ್ಟು ಗ್ರಾಫ್ ಸಮೇತ, ಸಿಟಿಯ ಸಿಡಿ, ಬ್ರಾಂಕೋಸ್ಕೋಪಿ ರಿಪೋರ್ಟು, ಹಳೇ ಟಿಬಿ ಚಿಕಿತ್ಸೆಯ ಕಾರ್ಡು, ಇತ್ತೀಚಿನ ಹಿಮೋಗ್ಲೋಬಿನ್ ಇರ್ಲಿ. ಡಾಕ್ಟ್ರ ಮುಂದೆ ಕೂತಾಗ ಕೇಳಬೇಕಾದ್ದು: ತೆಗೆದ ಮೇಲೆ ಎಫ್‌ಇವಿ1, ಡಿಎಲ್‌ಸಿಒ ಎಷ್ಟು ಪರ್ಸೆಂಟ್ ಉಳಿಯುತ್ತೆ ಅಂತ ಅಂದಾಜಿದೆ, ಆ ಲೆಕ್ಕ ಸೆಗ್ಮೆಂಟ್ ಎಣಿಸಿದ್ದಾ ಸ್ಕ್ಯಾನಿಂದ ತೆಗೆದಿದ್ದಾ, ಆಪರೇಷನ್ ನಡುವೆ ಒಂದು ಲೋಬ್ ಬದಲು ಪೂರ್ತಿ ಒಂದು ಕಡೆ ತೆಗೆಯೋ ಪರಿಸ್ಥಿತಿ ಬಂದ್ರೆ ಆಗ ಎಷ್ಟು ಉಳಿಯುತ್ತೆ. ಈ ಕೊನೇ ಪ್ರಶ್ನೆ ಬಹಳ ಜನ ಕೇಳಲ್ಲ, ಕೇಳಲೇಬೇಕಾದ ಪ್ರಶ್ನೆ ಅದು.

ದಿನ ಗೊತ್ತಾದ ಮೇಲೆ ಕಾಯೋ ವಾರಗಳು ಸುಮ್ನೆ ಕಳೀಬೇಡಿ. ಬೀಡಿ ಸಿಗರೇಟ್ ಆವತ್ತೇ ಬಿಡಿ, ಅಡಿಕೆ ಸುಲಿಯೋ ಧೂಳಿಂದ, ಒಲೆ ಹೊಗೆಯಿಂದ ರೋಗಿನ ದೂರ ಇಡಿ, ಡಾಕ್ಟ್ರು ಹೇಳಿದ ಇನ್ಹೇಲರ್ ತಪ್ಪದೆ ಕೊಡಿ, ಮೂರು ಚೆಂಡು ಇರೋ ಉಸಿರೆಳೆಯೋ ಡಬ್ಬಿಯನ್ನ ಈಗಲೇ ಅಭ್ಯಾಸ ಮಾಡಿಸಿ, ಆಪರೇಷನ್ ಆದ ಮೇಲೆ ನೋವಲ್ಲಿ ಹೊಸದಾಗಿ ಕಲಿಯೋದು ಕಷ್ಟ. ಆಪರೇಷನ್ ಆಗಿ ಮೂರು ತಿಂಗಳಾದಾಗ ಒಂದು ಸಲ, ಆರು ತಿಂಗಳಾದಾಗ ಒಂದು ಸಲ ಮತ್ತೆ ಊದಿಸಿ, ಮೊದಲು ಬರೆದಿಟ್ಟ ಅಂದಾಜಿನ ಪಕ್ಕದಲ್ಲಿ ಆ ಅಂಕಿ ಬರೀರಿ. ಆರು ತಿಂಗಳಾದ್ರೂ ಅಂದಾಜಿಗಿಂತ ಬಹಳ ಕೆಳಗೇ ನಿಂತಿದ್ರೆ ಆ ಹಾಳೆಯನ್ನೇ ಹಿಡ್ಕೊಂಡು ಎದೆರೋಗದ ಡಾಕ್ಟ್ರ ಹತ್ರ ಹೋಗಿ, ಕಾರಣ ಹುಡುಕಕ್ಕೆ ಅವರಿಗೆ ಅದು ಬೇಕಾಗುತ್ತೆ.